ಹತ್ತೂಕಾಲಿನ ರಿಂಗ್

ಹೊಸ ಪ್ಲೈವುಡ್ಡಿನ ವಾಸನೆ ನನಗೆ ಆಗಿಬರುವುದಿಲ್ಲ. ಹೋದ ತಿಂಗಳು ನನ್ನ ತಂಗಿಯ ಮಗಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ತನ್ನ ಕೆಲಸಕ್ಕೆಂದು ಮೇಜು ಮಾಡಿಸಿದಳು. ವಾರಕ್ಕೆ ಮೂರು ದಿನ ಅವಳು ಮನೆಯಲ್ಲೇ ಕೂತು ಆಫೀಸು ಮಾಡುತ್ತಾಳೆ. ಅವಳ ಜೊತೆಯವರು ಒಬ್ಬರು ಬಳ್ಳಾರಿಯಲ್ಲಿ, ಒಬ್ಬರು ಮೈಸೂರಿನಲ್ಲಿ. ಎಲ್ಲರ ಹೆಸರೂ ಒಂದೇ ಪರದೆಯ ಮೇಲೆ. ಯಾರು ಕೂತಿದ್ದಾರೆ, ಯಾರು ಎದ್ದುಹೋದರು ಎಂಬುದೂ ಅಲ್ಲೇ ಕಾಣುತ್ತದೆ. "ನೋಡ್ರಿ ದೊಡ್ಡಮ್ಮ, ಯಾರು ಎಲ್ಲಿದ್ರೂ ಆಫೀಸು ಮಾತ್ರ ಒಂದೇ" ಎಂದು ನನಗೆ ಹೊಸದೇನೋ ತೋರಿಸುವವಳಂತೆ ತೋರಿಸಿದಳು. ಅಷ್ಟರಲ್ಲಿ ಬಡಗಿ ಹಲಗೆಗೆ ಗೋಂದು ಬಳಿದ. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ತೊಂಬತ್ತೆಂಟರ ಬೇಸಿಗೆ ಇಡಿಯಾಗಿ ಎದುರಿಗೆ ಬಂದು ನಿಂತಿತು. "ಇದೇನು ಮಹಾ, ನಾವು ಆಗಲೇ ಮಾಡಿದ್ವಿ" ಎನ್ನಬೇಕೆಂದುಕೊಂಡೆ. "ನಾವು" ಎಂಬ ಮಾತು ಬಾಯಿಂದ ಹೊರಗೆ ಬರಲಿಲ್ಲ. ಮಾಡಿದವಳು ಶಾಹಿದಾ. ನಾನು ಆ ಬೇಸಿಗೆ ಪೂರ್ತಿ ಹೊಟ್ಟೆ ಉರಿದುಕೊಂಡು ಕೂತವಳು.

ಆಗ ನನಗೆ ನಲವತ್ತರ ಹತ್ತಿರ. ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಪಂಪಿನ ಬಿಡಿಭಾಗ ಮಾರುವ ಒಂದು ಕಂಪನಿಯಲ್ಲಿ ಹದಿನಾಲ್ಕು ವರ್ಷದಿಂದ ಟೆಲಿಫೋನು ನೋಡಿಕೊಳ್ಳುತ್ತಿದ್ದೆ. ಆಫೀಸು ದಾವಣಗೆರೆಯಲ್ಲಿ, ಎರಕದ ಕಾರ್ಖಾನೆ ಹರಿಹರದಲ್ಲಿ. ಇನ್ನು ಐದು ಜನ ಸೇಲ್ಸಿನವರು ತಿಂಗಳಲ್ಲಿ ಇಪ್ಪತ್ತು ದಿನ ರಾಯಚೂರು, ಸಿಂಧನೂರು, ಗದಗ ಎಂದು ಊರೂರು ತಿರುಗುತ್ತಿದ್ದರು. ಈ ಮೂರಕ್ಕೂ ನಡುವೆ ಇದ್ದ ಕೊಂಡಿ ನಾನು. ಯಾರು ಎಲ್ಲಿದ್ದಾರೆ, ಯಾವ ಮಾಲು ಎಲ್ಲಿ ನಿಂತಿದೆ ಎಂದು ಯಾರೇ ಕೇಳಲಿ, ಸಾಹುಕಾರರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಗಿರಿಜನ್ನ ಕೇಳ್ರಿ."

ನನ್ನ ಹಿಂದಿನ ಗೋಡೆಗೆ ಒಂದು ಕರಿಹಲಗೆ. ಯಾರು ಎಲ್ಲಿ, ಯಾವ ಆರ್ಡರು ಎಲ್ಲಿಗೆ ಬಂತು ಎಂದು ದಿನಾ ಬೆಳಿಗ್ಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದೆ. ಹರಿಹರದಲ್ಲೂ ಇಂಥದ್ದೇ ಒಂದು ಹಲಗೆ ಇತ್ತು. ಎರಡಕ್ಕೂ ತಾಳೆಯಾದ ದಿನವೇ ಇಲ್ಲ. ನಮ್ಮ ಹಲಗೆಯಲ್ಲಿ ಲಾರಿ ಹತ್ತಿದ ಮಾಲು ಅವರ ಹಲಗೆಯಲ್ಲಿ ಇನ್ನೂ ಅಚ್ಚಿಗೇ ಹೋಗಿರುತ್ತಿರಲಿಲ್ಲ.

ಸೇಲ್ಸಿನವರ ಜೊತೆ ನನ್ನದೊಂದು ಏರ್ಪಾಡಿತ್ತು. ಎಸ್‌ಟಿಡಿ ಬೂತಿನಲ್ಲಿ, ಈ ಕಡೆಯವರು ಫೋನು ಎತ್ತಿದರೆ ತಾನೇ ಮೀಟರು ಓಡುವುದು? ಎತ್ತದೇ ಇದ್ದರೆ ಪುಕ್ಕಟೆ. ಹಾಗಾಗಿ ನಮ್ಮ ಎರಡನೇ ನಂಬರಿಗೆ ರಿಂಗ್ ಕೊಟ್ಟು ಇಟ್ಟುಬಿಡುವುದು. ಒಂದು ರಿಂಗ್ ಆದರೆ, ಕ್ಷೇಮವಾಗಿದ್ದೇನೆ. ಮೂರು ರಿಂಗ್ ಆದರೆ, ಮಾತಾಡುವುದಿದೆ, ನೀವೇ ಈ ಬೂತಿಗೆ ಮಾಡಿ. ಮಾಡಿದವರು ಯಾರು ಎಂಬುದು ಗಡಿಯಾರ ನೋಡಿದರೆ ತಿಳಿಯುತ್ತಿತ್ತು. ಹತ್ತು ಗಂಟೆ ಒಬ್ಬನದು, ಹತ್ತೂಕಾಲು ಇನ್ನೊಬ್ಬನದು, ಹೀಗೆ ಹನ್ನೊಂದರವರೆಗೆ ಐದು ಜನಕ್ಕೂ ಒಂದೊಂದು ಹೊತ್ತು. ಯಾವ ದಿನ ಯಾವ ಊರು, ಅಲ್ಲಿ ಯಾವ ಬೂತು ಎಂಬುದೆಲ್ಲ ನನ್ನ ತಲೆಯಲ್ಲಿತ್ತು. ಸಾಹುಕಾರರಿಗೆ ಬಿಲ್ಲು ಕಮ್ಮಿ ಬರುವುದಷ್ಟೇ ಗೊತ್ತಿತ್ತು. ಹೇಗೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತೂಕಾಲು ರಾಜಣ್ಣನದು. ಐದು ಜನರಲ್ಲಿ ಹಿರಿಯ, ಐವತ್ತು ದಾಟಿದವನು. ಅದರ ಹಿಂದಿನ ವರ್ಷ ಟೂರಿನಲ್ಲಿದ್ದಾಗ ಒಂದು ಲಾಡ್ಜಿನಲ್ಲಿ ಎದೆನೋವು ಬಂದು ಬಿದ್ದುಕೊಂಡಿದ್ದ. ಒಂದೂವರೆ ದಿನ ಯಾರಿಗೂ ಗೊತ್ತಾಗಿರಲಿಲ್ಲ. ಆವತ್ತಿನಿಂದ ಅವನ ಹೆಂಡತಿ ಗಂಗಮ್ಮನಿಗೆ ದಿನಾ ಅವನ ರಿಂಗ್ ಬರಲೇಬೇಕು. ಆನೆಕೊಂಡದಲ್ಲಿ ಅವರ ಮನೆ. ಅವಳು ನಮ್ಮ ಪಕ್ಕದ ಓಣಿಯ ಶಾಲೆಯಲ್ಲಿ ಆಯಾ. ಹನ್ನೊಂದರ ಬಿಡುವಿಗೆ ನಮ್ಮ ಬಾಗಿಲಿಗೆ ಬಂದು, ಮೆಟ್ಟಿಲು ಹತ್ತದೆ, ನನ್ನ ಮುಖ ನೋಡುತ್ತಿದ್ದಳು. ನಾನು ಬಲಗೈ ಎತ್ತುತ್ತಿದ್ದೆ. ಬಂತು ಎಂದರ್ಥ. ಅವಳು ಹೋಗುತ್ತಿದ್ದಳು. ಸುಳ್ಳು ಯಾಕೆ, ಆ ಕೈ ಎತ್ತುವಾಗ ನನಗೊಂದು ಗತ್ತು ಬರುತ್ತಿತ್ತು.

ಯುಗಾದಿ ಆದ ಮೇಲೆ ಸಾಹುಕಾರರು ಶಾಹಿದಾಳನ್ನು ಕರೆತಂದರು. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಹರಿಹರದವಳು, ಟೈಲರ್ ಮಗಳು, ಕಂಪ್ಯೂಟರ್ ಡಿಪ್ಲೊಮಾ. ಎರಡೂ ಊರಿನಲ್ಲಿ ಒಂದೊಂದು ಕಂಪ್ಯೂಟರ್ ಇಟ್ಟು, ಮೋಡೆಮ್ ಎಂಬ ಡಬ್ಬಿಯಿಂದ ಟೆಲಿಫೋನ್ ವೈರಿನಲ್ಲೇ ಅವನ್ನು ಸೇರಿಸಿ, ಎರಡೂ ಕಡೆ ಒಂದೇ ಹಲಗೆ ಕಾಣುವಂತೆ ಮಾಡುತ್ತಾಳಂತೆ. ಸೇಲ್ಸಿನವರು ಫೋನಿನಲ್ಲಿ ಹೇಳಿದ್ದೂ ಅದರಲ್ಲೇ ಏರುತ್ತದಂತೆ. ಮೊದಲ ದಿನವೇ ಸಾಹುಕಾರರು ಅವಳಿಗೆ "ಬರ್ರಿ, ಕೂಡ್ರಿ" ಎಂದರು. ಹದಿನಾಲ್ಕು ವರ್ಷದಲ್ಲಿ ನನಗೆ ಒಮ್ಮೆಯೂ ಕೂಡ್ರಿ ಎಂದವರಲ್ಲ. ಸದಾ ಕೂತೇ ಇರುವವಳಿಗೆ ಏನು ಹೇಳುವುದು ಅಂದುಕೊಂಡಿದ್ದರೋ ಏನೋ!

ನನ್ನ ಮೇಜಿನ ಎದುರಿಗೇ ಪ್ಲೈವುಡ್ಡು, ಗಾಜು ಹಾಕಿ ಅವಳಿಗೊಂದು ಕೋಣೆ ಕಟ್ಟಿದರು. ಎರಡು ವಾರ ಗೋಂದು ವಾರ್ನಿಶಿನ ವಾಸನೆ ಕುಡಿದವಳು ನಾನು. ಒಳಗೆ ಕೂಲರ್ ಹಾಕಿಕೊಂಡು ಕೂತವಳು ಅವಳು. ದಾವಣಗೆರೆಯ ಏಪ್ರಿಲ್ ಬಿಸಿಲು ಹೊರಗಿನವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಮಧ್ಯಾಹ್ನ ಫೋನಿನ ರಿಸೀವರು ಕಿವಿಗೆ ಸುಡುತ್ತಿತ್ತು. "ಕಂಪ್ಯೂಟರಿಗೆ ಸೆಖೆ ಆಗ್ಬಾರ್ದು ಗಿರಿಜಾ" ಎಂದರು ಸಾಹುಕಾರರು. ಅದಕ್ಕೆ ಆಗಬಾರದು, ನನಗಾದರೆ ನಡೆಯುತ್ತದೆ.

ಹುಡುಗಿ ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಬಂದ ಮೂರನೇ ದಿನ ನೋಟ್‌ಬುಕ್ಕು ಹಿಡಿದು ನನ್ನ ಪಕ್ಕ ಸ್ಟೂಲ್ ಎಳೆದು ಕೂತಳು.

"ಅಕ್ಕಾ, ಇಲ್ಲಿ ಎಲ್ಲಾ ನಿಮಗೇ ಗೊತ್ತಂತೆ. ಒಂದೊಂದೇ ಹೇಳ್ರಿ, ಬರಕೊಂತೀನಿ."

"ಎಲ್ಲಾ ಅಂದ್ರೆ ಏನವ್ವ?"

"ಎಲ್ಲಾನೂ ಅಕ್ಕಾ. ಯಾರು ಏನು ಹೇಳ್ತಾರೆ, ನೀವು ಯಾರಿಗೆ ಹೇಳ್ತೀರಿ. ಅದನ್ನೇ ನಾನು ಪರದೆಗೆ ಹಾಕ್ಬೇಕು."

ಹದಿನಾಲ್ಕು ವರ್ಷ ಒಂದು ನೋಟ್‌ಬುಕ್ಕಿನೊಳಗೆ ಹಿಡಿಸುತ್ತದೆ ಎಂದು ಇವಳಿಗೆ ಹೇಗೆ ಅನ್ನಿಸಿತು? ಮೈಯೆಲ್ಲ ಉರಿದುಹೋಯಿತು. ಆರ್ಡರ್ ಫಾರಂ, ಲಾರಿ ಆಫೀಸಿನ ನಂಬರು, ಹರಿಹರದ ಸ್ಟೋರ್‌ಕೀಪರನ ಸಿಡುಕು, ಎಲ್ಲ ಹೇಳಿದೆ. ರಿಂಗಿನ ವಿಷಯ ಹೇಳಲಿಲ್ಲ. ಅವಳು ಗುಂಡು ಅಕ್ಷರದಲ್ಲಿ ಎಲ್ಲ ಬರೆದುಕೊಂಡು, "ಥ್ಯಾಂಕ್ಸ್ ಅಕ್ಕಾ" ಎಂದು ಹಲ್ಲು ಬಿಟ್ಟು ಎದ್ದುಹೋದಳು.

ಸಾಹುಕಾರರು ಅವಳಿಗೆ ಒಂದು ಗಡುವು ಕೊಟ್ಟಿದ್ದರು: "ಮಳೆ ಹಿಡಿಯೋದ್ರೊಳಗೆ ಎರಡೂ ಕಡೆ ಒಂದೇ ಹಲಗೆ ಕಾಣ್ಬೇಕು. ಆಗ್ಲಿಲ್ಲ ಅಂದ್ರೆ ಈ ಪೆಟ್ಟಿಗೆ ಮಾರಿಬಿಡ್ತೀನಿ, ನಿಮ್ಮ ದಾರಿ ನಿಮಗೆ." ಆಯಿತೆಂದರೆ? ಕೆಲಸ ಕಾಯಂ. ಅಷ್ಟೇ ಅಲ್ಲ, ಕಂಪ್ಯೂಟರ್ ಒಂದನ್ನು ಅವಳ ಮನೆಗೇ ಕಳಿಸುತ್ತಾರೆ. ಅವಳ ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ವಾರದಲ್ಲಿ ಮೂರು ದಿನ ಮನೆಯಲ್ಲಿದ್ದು ಅವರನ್ನು ನೋಡಿಕೊಳ್ಳುತ್ತಲೇ ಕೆಲಸ ಮಾಡುತ್ತೇನೆ ಎಂದು ಅವಳು ಕೇಳಿಕೊಂಡಿದ್ದಳು. ಸಾಹುಕಾರರು ಹೂಂ ಎಂದಿದ್ದರು! ಮನೆಯಲ್ಲಿ ಕೂತು ಆಫೀಸು ಎಂಬುದನ್ನು ನಾನು ಕೇಳಿದ್ದೇ ಅವತ್ತು. ನಮ್ಮ ಅತ್ತೆ ಹಾಸಿಗೆ ಹಿಡಿದಾಗ ನಾನು ಮಧ್ಯಾಹ್ನ ಒಂದು ತಾಸು ರಜೆ ಕೇಳಿದ್ದೆ. "ಫೋನ್ ಯಾರು ಎತ್ತಬೇಕು ಗಿರಿಜಾ?" ಎಂದಿದ್ದರು. ಅತ್ತೆ ಹೋದ ಮಧ್ಯಾಹ್ನ ನಾನು ಹುಬ್ಬಳ್ಳಿಯವರಿಗೆ ರೇಟು ಹೇಳುತ್ತಾ ಕೂತಿದ್ದೆ. ಅದನ್ನು ನೆನೆಸಿಕೊಂಡರೆ ಆ ಹುಡುಗಿಯ ಮುಖ ನೋಡಲೂ ಆಗುತ್ತಿರಲಿಲ್ಲ.

ಮೇ ಕೊನೆಗೆ ಅವಳು ಟೆಲಿಫೋನ್ ಬಿಲ್ಲುಗಳನ್ನು ಹಿಡಿದುಕೊಂಡು ಬಂದಳು.

"ಅಕ್ಕಾ, ಮೋಡೆಮಿಗೆ ಒಂದು ಲೈನ್ ಬೇಕು. ಈ ಎರಡನೇ ನಂಬರಿನಿಂದ ಕಾಲ್ ಹೋಗಿದ್ದೇ ಇಲ್ಲ. ಖಾಲಿನೇ ಇರ್ತೈತಾ?"

ಅವಳು ಬಿಲ್ಲು ನೋಡಿದ್ದಳು. ಬಿಲ್ಲಿಗೆ ಹೋಗುವ ಕರೆ ಕಾಣುತ್ತದೆ. ಬಂದು ಕಟ್ಟಾಗುವ ರಿಂಗ್ ಎಲ್ಲಿ ಕಾಣುತ್ತದೆ? ಆ ಲೈನು ದಿನಾ ಬೆಳಿಗ್ಗೆ ಒಂದು ತಾಸು ಬಿಡುವಿಲ್ಲದೆ ದುಡಿಯುತ್ತದೆ ಎಂದು ಗೊತ್ತಿದ್ದವಳು ಆ ಕಟ್ಟಡದಲ್ಲಿ ನಾನೊಬ್ಬಳೇ. ಒಂದು ಮಾತು ಸಾಕಿತ್ತು.

"ಹೂಂ. ಖಾಲಿನೇ" ಎಂದೆ.

ಸೋಮವಾರ ಎರಡನೇ ಫೋನನ್ನು ಬಿಚ್ಚಿ ವೈರನ್ನು ಗಾಜಿನ ಕೋಣೆಗೆ ಎಳೆದರು. ಹತ್ತು ಗಂಟೆಯಿಂದ ಗಲಾಟೆ ಶುರು. ಎರಡನೇ ರಿಂಗಿಗೆ ಮೋಡೆಮ್ ತಾನೇ ಫೋನು ಎತ್ತಿಬಿಡುತ್ತಿತ್ತು. ಮೂರು ರಿಂಗ್ ಕೊಡಲು ಕೂತ ಸೇಲ್ಸಿನವರ ಕಿವಿಗೆ ಕೀರಲು ಸದ್ದು, ಮೇಲೆ ಮೀಟರು ಬೇರೆ. ಗದಗದಲ್ಲಿದ್ದವನು ಒಂದನೇ ನಂಬರಿಗೆ ಮಾಡಿ ಕೂಗಾಡಿದ: "ಏನಕ್ಕಾ ಇದು! ಯಾರೋ ಎತ್ತಿ ಕಿವ್ಯಾಗೆ ಚೀರ್ತಾರೆ!"

"ಅದು ಕಂಪ್ಯೂಟರಪ್ಪಾ. ಸಾಹುಕಾರ್ರಿಗೇ ಹೇಳು" ಎಂದು ಲೈನನ್ನು ಅವರ ಕೋಣೆಗೇ ಕೊಟ್ಟೆ. ಒಬ್ಬರಾದ ಮೇಲೆ ಒಬ್ಬರು ದೂರು ಹೇಳಿದರು, ಪುಕ್ಕಟೆ ರಿಂಗಿನ ಗುಟ್ಟು ಮಾತ್ರ ಯಾರೂ ಬಿಡಲಿಲ್ಲ. ಇವರ ರಿಂಗಿನ ಕಾಟಕ್ಕೆ, ಅದೇ ಹೊತ್ತಿಗೆ ಮಾಡುವ ಹರಿಹರದ ಕಂಪ್ಯೂಟರಿಗೆ ಆ ಲೈನ್ ಸಿಗದೆ ಅಲ್ಲಿನ ಹಲಗೆ ಇಲ್ಲಿಗೆ ಬರಲೇ ಇಲ್ಲ. ಸಾಹುಕಾರರು ಗಾಜಿನ ಬಾಗಿಲು ತೆಗೆದು "ಏನ್ರಿ ಇದು?" ಎಂದು ಗದರಿದ್ದು ನನಗೆ ಕೇಳಿಸಿತು. ಕೂಲರಿನ ಮುಂದೆಯೂ ಶಾಹಿದಾ ಬೆವರಿದ್ದಳು. ಮಧ್ಯಾಹ್ನ ನಾನು ಮಂಡಕ್ಕಿ ತರಿಸಿ ತಿಂದೆ. ಅಷ್ಟು ರುಚಿ ಯಾವತ್ತೂ ಹತ್ತಿರಲಿಲ್ಲ.

ಉಳಿದ ನಾಲ್ವರಿಗೂ, ಮೊದಲು ಎರಡನೇ ನಂಬರಿಗೇ ನೋಡಿ, ಆಗದಿದ್ದರೆ ಒಂದನೇ ನಂಬರಿಗೆ ಮಾಡಿ ಎಂದು ಹೇಳಿದ್ದೆ. ರಾಜಣ್ಣ ಮಾತ್ರ ಸಿಂಧನೂರಿನ ಕಡೆ ಹಳ್ಳಿ ತಿರುಗುತ್ತಿದ್ದ. ಅವನದು ಒಂದೇ ರಿಂಗ್ ಆದ್ದರಿಂದ ಮೋಡೆಮ್ ಎತ್ತುವುದರೊಳಗೆ ಇಟ್ಟುಬಿಡುತ್ತಿದ್ದ. ಅವನಿಗೆ ಏನೂ ಗೊತ್ತಾಗಿರಲಿಕ್ಕಿಲ್ಲ. ಇಲ್ಲಿ ರಿಂಗಾಗುವುದಕ್ಕೆ ಫೋನೇ ಇಲ್ಲದಿದ್ದರಿಂದ ನನಗೂ ಏನೂ ಕೇಳುತ್ತಿರಲಿಲ್ಲ.

ಆ ಸೋಮವಾರವೂ ಹನ್ನೊಂದಕ್ಕೆ ಗಂಗಮ್ಮ ಬಾಗಿಲಿಗೆ ಬಂದಿದ್ದಳು. ನಾನು ಕೈ ಎತ್ತಿದೆ.

ಇದನ್ನು ಬರೆಯುವಾಗ ಕೈ ತಡೆಯುತ್ತದೆ. ರಿಂಗ್ ಬಂದಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೊಟ್ಟೇ ಇರುತ್ತಾನೆ, ಯಾವತ್ತು ತಪ್ಪಿಸಿದ್ದಾನೆ ಎಂದುಕೊಂಡೆ. ಗೊತ್ತಿಲ್ಲ ಎಂದು ಹೇಳಿದ್ದರೆ ಎರಡನೇ ಲೈನಿನ ಸುದ್ದಿ ಹೊರಗೆ ಬೀಳುತ್ತಿತ್ತು, ಶಾಹಿದಾಳ ತೊಡಕು ಒಂದು ಗಳಿಗೆಯಲ್ಲಿ ಬಿಡಿಸಿಹೋಗುತ್ತಿತ್ತು. ಮಂಗಳವಾರವೂ ಕೈ ಎತ್ತಿದೆ. ಬುಧವಾರವೂ ಎತ್ತಿದೆ.

ಗುರುವಾರ ಬೆಳಿಗ್ಗೆಯಿಂದ ಮೋಡ. ಮಳೆ ಬರುತ್ತದೆ ಎಂದು ಎಲ್ಲರೂ ಆಕಾಶ ನೋಡುವವರೇ. ಹನ್ನೊಂದಕ್ಕೆ ಇನ್ನೂ ಹತ್ತು ನಿಮಿಷವಿದೆ ಎನ್ನುವಾಗ ಗಂಗಮ್ಮ ಓಡುತ್ತಾ ಬಂದು, ಎಂದೂ ಹತ್ತದ ಮೆಟ್ಟಿಲು ಹತ್ತಿ ನನ್ನ ಮೇಜು ಹಿಡಿದುಕೊಂಡಳು.

"ಅಕ್ಕಾ, ಸಿಂಧನೂರ್ ದಾರ್ಯಾಗೆ ಬೆಳಿಗ್ಗೆ ಎಂಟಕ್ಕೆ ಬಸ್ ಉರುಳಿ ಬಿದ್ದೈತಂತೆ. ನಮ್ಮ ಮಾಸ್ತರಿಗೆ ಫೋನ್ ಬಂದಿತ್ತು. ಇವರ್ದು ಇವತ್ತು ಬಂತೇನ್ರಿ?"

ನನ್ನ ಕೈ ಮೇಲೇಳಲಿಲ್ಲ.

"ಬಂತೇನ್ರೀ ಅಕ್ಕಾ?"

"ಇನ್ನಾ... ಇಲ್ಲ ಗಂಗಮ್ಮ."

"ಹತ್ತೂಕಾಲು ಆಗಿಹೋಗೈತಲ್ರಿ! ನಿನ್ನೆ ಬಂದಿತ್ತಲ್ಲ?"

"ನಿನ್ನೆ... ಹೂಂ" ಎಂದೆ.

ಗೋಡೆಯ ಬೆಂಚಿನ ಮೇಲೆ ಕುಸಿದು ಕೂತಳು. ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು. ನಾನು ಸಿಂಧನೂರಿನ ಡೀಲರಿಗೆ ಮಾಡಿದೆ, ಯಾರೂ ಎತ್ತಲಿಲ್ಲ. ಅಲ್ಲಿನ ಬೂತಿಗೆ ಮಾಡಿದೆ, ಲೈನೇ ಸಿಗಲಿಲ್ಲ. ಎದುರಿಗೆ ಗಾಜಿನ ಕೋಣೆಯಲ್ಲಿ ಶಾಹಿದಾ ಪರದೆ ನೋಡುತ್ತಾ ಕೂತಿದ್ದಳು. ಎದ್ದು ಹೋಗಿ ಅವಳನ್ನು ಕೇಳಬೇಕು ಎಂದು ಹನ್ನೊಂದಕ್ಕೇ ಅನ್ನಿಸಿತ್ತು. ಕೇಳಿದರೆ ನಾನು ಸೋತಂತೆ. ಇನ್ನೊಂದು ಸಲ ಬೂತಿಗೆ ನೋಡೋಣ, ಇನ್ನೊಂದು ಸಲ ಡೀಲರಿಗೆ ನೋಡೋಣ ಎಂದು ತಳ್ಳಿದೆ. ಒಂದು ತಾಸು. ಅಯ್ಯೋ ಶಿವನೇ, ಪೂರ್ತಿ ಒಂದು ತಾಸು ಆ ಹೆಂಗಸನ್ನು ಬೆಂಚಿನ ಮೇಲೆ ಕೂರಿಸಿದೆ.

ಹನ್ನೆರಡಕ್ಕೆ ಗಂಗಮ್ಮ ತನ್ನಷ್ಟಕ್ಕೆ ತಾನೇ "ಹೋದ ವರ್ಷನೂ ಹಿಂಗೇ ಆಗಿತ್ತು" ಎಂದಳು. ಆಗ ನನ್ನಿಂದ ತಡೆಯಲಾಗಲಿಲ್ಲ. ಎದ್ದು ಗಾಜಿನ ಬಾಗಿಲು ತೆಗೆದೆ.

"ಶಾಹಿದಾ, ಆ ಲೈನಿಗೆ ಬರೇ ರಿಂಗ್ ಬಂದು ಕಟ್ಟಾದ್ರೆ ನಿನಗೆ ಗೊತ್ತಾಗ್ತೈತೇನು?"

"ಗೊತ್ತಾಗ್ತೈತೆ ಅಕ್ಕಾ. ಮೋಡೆಮ್ ಎಲ್ಲಾ ಬರ್ದಿಡ್ತೈತೆ."

"ಇವತ್ತು ಹತ್ತೂಕಾಲಿಗೆ ನೋಡವ್ವ. ಒಂದೇ ರಿಂಗ್."

ಯಾಕೆ ಎಂದು ಕೇಳಲಿಲ್ಲ. ಹುಡುಕಲೂ ಇಲ್ಲ, ಪಟ್ಟಿ ಪರದೆಯ ಮೇಲೆ ತೆರೆದೇ ಇತ್ತು. ಬೆರಳಿಟ್ಟು ತೋರಿಸಿದಳು. "ಹತ್ತು ಹದಿನಾರು. ಒಂದೇ ರಿಂಗ್. ನಿನ್ನೆ ಹತ್ತು ಹದಿನೈದು. ಮೊನ್ನೆನೂ ಐತೆ, ಆಚೆ ಮೊನ್ನೆನೂ ಐತೆ."

ಬಸ್ಸು ಉರುಳಿದ್ದು ಎಂಟಕ್ಕೆ. ರಾಜಣ್ಣ ಹತ್ತು ಹದಿನಾರಕ್ಕೆ ಯಾವುದೋ ಬೂತಿನಲ್ಲಿ ನಿಂತಿದ್ದ. "ಗಂಗಮ್ಮಾ, ಬಂದೈತೆ! ರಿಂಗ್ ಬಂದೈತೆ!" ಎಂದು ಕೂಗಿದೆ. ಆಫೀಸಿಗೆ ಆಫೀಸೇ ಗಾಜಿನ ಕೋಣೆಗೆ ನುಗ್ಗಿತು. ರಿಂಗಿನ ಏರ್ಪಾಡು ಆಗ ಎಲ್ಲರೆದುರು ಹೇಳಲೇಬೇಕಾಯಿತು. "ಮತ್ತ ಲೈನ್ ಕೊಡೋವಾಗ ಯಾಕ ಹೇಳ್ಲಿಲ್ಲ ಗಿರಿಜಾ?" ಎಂದರು ಸಾಹುಕಾರರು.

"ನೆನಪೇ ಹಾರಿಹೋಗಿತ್ರಿ" ಎಂದೆ.

ಅವರು ನಂಬಿದರು. ನಂಬಿ ಶಾಹಿದಾಳ ಕಡೆ ತಿರುಗಿ "ಶಹಬ್ಬಾಸ್! ಸಿಂಧನೂರಿನಾಗಿರೋ ಮನಷ್ಯಾನ್ನ ಇಲ್ಲಿ ಕುಂತು ಹುಡುಕಿಬಿಟ್ರಲ್ರಿ!" ಎಂದರು. ಗಂಗಮ್ಮ ಶಾಹಿದಾಳ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ವರ್ಷವೆಲ್ಲ ಆ ರಿಂಗ್ ಕಾದು ಕೂತವಳು ನಾನು. ಅವಳು ಕಣ್ಣಿಗೊತ್ತಿಕೊಂಡದ್ದು ನಿನ್ನೆ ಮೊನ್ನೆ ಬಂದವಳ ಕೈ. ಆ ಗಳಿಗೆಯಲ್ಲೂ ನನಗೆ ಅನ್ನಿಸಿದ್ದು ಇದೇ. ರಾಜಣ್ಣ ಬದುಕಿದ್ದಾನೆ ಎಂಬ ಸಂತೋಷ ಅದರ ಹಿಂದೆ ಬಂತು.

ಆಮೇಲೆ ಎಲ್ಲ ಸರಸರ ನಡೆಯಿತು. ರಿಂಗಿನ ಹೊತ್ತು ಬಿಟ್ಟು ಹರಿಹರದ ಕಂಪ್ಯೂಟರ್ ಹನ್ನೊಂದೂಕಾಲಿಗೆ ಮಾಡುವಂತೆ ಶಾಹಿದಾ ಬದಲಿಸಿದಳು. ಯಾರ ರಿಂಗ್ ಎಷ್ಟು ಹೊತ್ತಿಗೆ ಬಂತು ಎಂಬುದು ತಾನೇ ಪರದೆಗೆ ಏರುವ ಹಾಗೆಯೂ ಮಾಡಿದಳು. ಜೂನ್ ಎರಡನೇ ವಾರ ಮಳೆ ಹಿಡಿಯಿತು. ಅಷ್ಟರಲ್ಲಿ ಎರಡೂ ಊರಿನಲ್ಲಿ ಒಂದೇ ಹಲಗೆ ಕಾಣುತ್ತಿತ್ತು. ನನ್ನ ಕರಿಹಲಗೆಯನ್ನು ಇಳಿಸಿ ಗೋಡೌನಿಗೆ ಹಾಕಿದರು. ಶಾಹಿದಾಳ ಕೆಲಸ ಕಾಯಂ ಆಯಿತು, ಒಂದು ಕಂಪ್ಯೂಟರ್ ವ್ಯಾನಿನಲ್ಲಿ ಹರಿಹರಕ್ಕೆ ಅವಳ ಮನೆಗೆ ಹೋಯಿತು.

ನನಗೆ ಊಟ ಸೇರುತ್ತಿರಲಿಲ್ಲ. ಗಂಗಮ್ಮ ಬೆರಳಿಗೆ ಸೆರಗು ಸುತ್ತುತ್ತಿದ್ದದ್ದು ಕಣ್ಣಿಗೆ ಕಟ್ಟಿಬಿಟ್ಟಿತ್ತು. ಗಂಗಮ್ಮನಿಗೆ ಹೇಳುವ ಧೈರ್ಯವಿರಲಿಲ್ಲ. ಶಾಹಿದಾಳಿಗಾದರೂ ಹೇಳಿಬಿಡಬೇಕು ಎಂದು ಗಟ್ಟಿ ಮನಸ್ಸು ಮಾಡಿದೆ. ಒಂದು ಶನಿವಾರ ಏನೋ ಕಾಗದ ಕೊಟ್ಟುಬರುವ ನೆಪ ತೆಗೆದು ಹರಿಹರದ ಬಸ್ಸು ಹತ್ತಿದೆ. ಜಿಟಿಜಿಟಿ ಮಳೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ: ಶಾಹಿದಾ, ನಾನು ಮರೆತಿರಲಿಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ಬೇಕೆಂದೇ ಹೇಳಲಿಲ್ಲ.

ಹೊಳೆಯ ಕಡೆ ಹೋಗುವ ಓಣಿಯಲ್ಲಿ ಅವಳ ಮನೆ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ ಉದ್ದನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದಳು. ಪಕ್ಕದ ಮಂಚದ ಮೇಲೆ ಅವರು ದಿಂಬಿಗೊರಗಿ ಕೂತಿದ್ದರು. ಒಂದು ಕೈಯಲ್ಲಿ ಅವರಿಗೆ ಗಂಜಿ ಕುಡಿಸುತ್ತಾ, ಇನ್ನೊಂದು ಕೈಯಲ್ಲಿ ಕೀ ಒತ್ತುತ್ತಾ ಇದ್ದವಳು ನನ್ನನ್ನು ಕಂಡು ಗಡಬಡಿಸಿ ಎದ್ದಳು. "ಬರ್ರಿ ಅಕ್ಕಾ, ಕೂಡ್ರಿ ಕೂಡ್ರಿ!" ಅವಳಮ್ಮ ಚಹಾ ಇಡಲು ಒಳಗೆ ಹೋದರು.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ತಗ್ಗಿದ ದನಿಯಲ್ಲಿ ಶುರುಮಾಡಿದಳು.

"ಅಕ್ಕಾ, ನಾನೇ ನಿಮ್ಹತ್ರ ಬರ್ಬೇಕಿತ್ತು. ನಿಮಗೊಂದು ಮಾತು ಹೇಳೋದೈತೆ, ಸಿಟ್ಟಾಗ್ಬ್ಯಾಡ್ರಿ. ಆ ರಿಂಗಿನ ಪಟ್ಟಿ ಸೋಮವಾರದಿಂದನೇ ನೋಡ್ತಿದ್ದೆ ನಾನು. ದಿನಾ ಅದೇ ಹೊತ್ತಿಗೆ ಯಾರೋ ಮಾಡ್ತಾರೆ, ಇದು ಅಕ್ಕಂದೇ ಏನೋ ಐತೆ ಅಂತ ಗೊತ್ತಾಯ್ತು. ಆದ್ರೂ ಕೇಳ್ಲಿಲ್ಲ."

"ಯಾಕ?"

"ಹೊಟ್ಟೆಕಿಚ್ಚು ಅಕ್ಕಾ." ಅವಳ ಕಣ್ಣು ತುಂಬಿತ್ತು. "ಸಾಹುಕಾರ್ರು ಬಾಯಿ ಬಿಟ್ರೆ ಗಿರಿಜನ್ನ ಕೇಳ್ರಿ ಅಂತಾರೆ. ಸೇಲ್ಸಿನೋರು ನಿಮಗೇ ಎಲ್ಲಾ ಹೇಳ್ತಾರೆ, ನನ್ನ ಪರದೆಗೆ ಯಾರೂ ಏನೂ ಹೇಳಲ್ಲ. ಇದೊಂದನ್ನಾದ್ರೂ ನಾನೇ ಕಂಡುಹಿಡೀಬೇಕು ಅಂತ ಹಟ. ಗಂಗಮ್ಮ ಬೆಂಚಿನ ಮ್ಯಾಲೆ ಕುಂತಾಗ ಪಟ್ಟಿ ನನ್ನ ಮುಂದೇ ಇತ್ತು. ಎದ್ದು ಬಂದು ತೋರಿಸ್ಬಹುದಿತ್ತು. ಒಂದು ತಾಸು ಸುಮ್ನೆ ಕುಂತೆ. ನೀವು ಪಾಪ ಮರ್ತಿದ್ರಿ. ನಾನು ಬೇಕಂತಲೇ ಕುಂತಿದ್ದೆ."

ಮಂಚದ ಮೇಲಿಂದ ಅವಳ ಅಪ್ಪ ನನ್ನನ್ನೇ ನೋಡುತ್ತಿದ್ದರು. ಈಗ ಹೇಳು, ಈಗಲೇ ಹೇಳು ಎಂದುಕೊಂಡೆ. ನನಗೂ ಹಾಗೇ ಆಗಿತ್ತು ಶಾಹಿದಾ ಎಂದರೆ ಮುಗಿದುಹೋಗುತ್ತಿತ್ತು.

"ಹೋಗ್ಲಿ ಬಿಡವ್ವ" ಎಂದೆ. "ಸಣ್ಣಾಕಿ ನೀನು. ಹಿಂಗಾಗ್ತೈತೆ."

ಅವಳು ನನ್ನ ಕೈ ಹಿಡಿದು, ಅಳುತ್ತಲೇ ನಕ್ಕಳು. "ನಿಮ್ದು ದೊಡ್ಡ ಮನಸ್ಸು ಅಕ್ಕಾ. ಹದಿನೈದು ದಿನದಿಂದ ನಿದ್ದೆ ಇಲ್ಲ ನನಗೆ." ಅಮ್ಮನನ್ನು ಕೂಗಿ ಚಹಾದ ಜೊತೆ ಬಿಸ್ಕತ್ತೂ ತರಿಸಿದಳು. ನಾನು ಎರಡು ತಿಂದೆ, ಅಪ್ಪನ ಕ್ಷೇಮ ವಿಚಾರಿಸಿದೆ, ಕಾಗದ ಕೊಟ್ಟು ಎದ್ದೆ. ಬಸ್ ಸ್ಟ್ಯಾಂಡಿನವರೆಗೂ ಛತ್ರಿ ಹಿಡಿದು ಬಂದು ಬಸ್ಸು ಹತ್ತಿಸಿದಳು. ಬಸ್ಸು ಹೊರಟಾಗ ಕಿಟಕಿಯಿಂದ ನೋಡಿದೆ. ಮಳೆಯಲ್ಲೇ ಬೀಸುಗಾಲು ಹಾಕಿ ಮನೆ ಕಡೆ ಹೋಗುತ್ತಿದ್ದಳು.

ಆ ಹುಡುಗಿಯ ಕೂಲರ್ ನೋಡಿ ಉರಿದಿದ್ದೆ, ಅವಳ ಪರದೆ ನೋಡಿ ಉರಿದಿದ್ದೆ, ಮನೆಗೆ ಹೋದ ಕಂಪ್ಯೂಟರ್ ನೋಡಿಯೂ ಉರಿದಿದ್ದೆ. ಅವತ್ತಿನಷ್ಟು ಯಾವತ್ತೂ ಉರಿಯಲಿಲ್ಲ. ಆ ರಾತ್ರಿ ಅವಳಿಗೆ ನಿದ್ದೆ ಬಂದಿರುತ್ತದೆ.